ಎಂಟು ಕಿಲೋ ಸೀಸ

"ಹತ್ತೋ ನೆವ್! ಹೊಟ್ಟೆ ಒಳಗೆಳ್ಕೊಂಡ್ರೆ ತೂಕ ಇಳಿಯಲ್ಲ!" ತೂಕದ ಯಂತ್ರದ ಮುಂದೆ ನಿಂತಿದ್ದ ನೆವಿಲ್‌ಗೆ ಪರದೆಯೊಳಗಿಂದ ರಸ್ ಕೂಗಿದ. ತಂತಮ್ಮ ಗ್ಯಾರೇಜುಗಳಲ್ಲಿ ನಿಂತಲ್ಲೇ ತುಳಿಯುವ ಸೈಕಲ್ಲುಗಳ ಮೇಲೆ ಕೂತಿದ್ದ ಉಳಿದ ಮೂವರೂ ನಕ್ಕರು.

ಪರದೆಯ ಮೇಲಿನ ರೇಸಿನಲ್ಲಿ, ಬರೆದುಕೊಟ್ಟ ತೂಕ ಕಡಿಮೆಯಿದ್ದವನು ಬೆಟ್ಟವನ್ನು ಬೇಗ ಹತ್ತುತ್ತಾನೆ. ಅದಕ್ಕೇ ಎಲ್ಲರೂ ತೂಕ ಕಡಿಮೆ ಬರೆದುಕೊಳ್ಳುತ್ತಿದ್ದರು. ಕೊನೆಗೆ ಇವರ ಬರ್ನಿ ಊರಿನ ಸೈಕಲ್ ಕ್ಲಬ್ಬು ಒಂದು ನಿಯಮ ಮಾಡಿತು: ಪ್ರತಿ ಶನಿವಾರ ರೇಸಿಗೆ ಮುಂಚೆ ಕ್ಯಾಮೆರಾ ಎದುರು ತೂಗಿ ತೋರಿಸಬೇಕು. ಹೆಚ್ಚು ತೋರಿಸಲು ಮೋಸ ಮಾಡುತ್ತಿದ್ದವನು ನೆವಿಲ್ ಒಬ್ಬನೇ. ಹಿಂದೆ ಚಿಪ್ಪುಮೀನು ಹೆಕ್ಕಲು ಸಮುದ್ರಕ್ಕೆ ಮುಳುಗುವಾಗ ಕಟ್ಟುತ್ತಿದ್ದ ಸೀಸದ ಬೆಲ್ಟು ಅವನ ಜರ್ಸಿಯೊಳಗಿತ್ತು. ಕಾಯಿಲೆ ತಿಂದದ್ದು ಎಂಟು ಕಿಲೋ, ಬೆಲ್ಟಿನ ತೂಕವೂ ಅಷ್ಟೇ. ಆ ಸುಳ್ಳು ತೂಕದಿಂದಾಗಿ ವಾರವಾರವೂ ಬೆಟ್ಟದಲ್ಲಿ ಅವನ ಜೀವ ಬಾಯಿಗೆ ಬರುತ್ತಿತ್ತು. ಆದರೆ ಗೊತ್ತಾದರೆ ಇವರು ಬೈಯುವುದು ಬಿಟ್ಟು ಮೆತ್ತಗೆ ಮಾತಾಡುತ್ತಾರೆ. ಆಸ್ಪತ್ರೆಯಲ್ಲಿ ಅಂಥ ಮಾತು ಕೇಳಿ ಅವನಿಗೆ ಸಾಕಾಗಿತ್ತು.

ತೂಕದ ಯಂತ್ರ ನಾಲ್ಕು ಬೆರಳಷ್ಟೇ ಎತ್ತರವಿತ್ತು. ಇವತ್ತು ನೆವಿಲ್ ಎರಡು ಸಲ ಕಾಲೆತ್ತಿದ, ಸೀಸದ ಭಾರಕ್ಕೆ ಎರಡು ಸಲವೂ ಕಾಲು ನೆಲಕ್ಕೇ ಮರಳಿತು. ಅವನು ಜರ್ಸಿಯೊಳಗೆ ಕೈಹಾಕಿ ಬೆಲ್ಟಿನ ಕೊಂಡಿ ಬಿಚ್ಚಿದ. ಸೀಸ ಧೊಪ್ಪನೆ ಕಾಂಕ್ರೀಟಿನ ಮೇಲೆ ಬಿತ್ತು. ಈಗ ಕಾಲು ಮೇಲೆ ಹೋಯಿತು. ಅರವತ್ತನಾಲ್ಕು ಕಿಲೋ; ಹೋದ ಶನಿವಾರ ಎಪ್ಪತ್ತೆರಡಿತ್ತು.

ನೆಲದ ಮೇಲಿನ ಬೆಲ್ಟು ನೋಡಲು ರಸ್ ಪರದೆಯ ಹತ್ತಿರಕ್ಕೆ ಬಗ್ಗಿದ.

"ಯಾವಾಗಿಂದ?" ರಸ್ ಕೇಳಿದ.

"ಮೇ ತಿಂಗಳಿಂದ."

ರಸ್ ಮುಖ ಒರೆಸಿಕೊಂಡ. "ಮೇ ಇಂದ ಎಂಟು ಕಿಲೋ ಜಾಸ್ತಿ ಹೊತ್ಕೊಂಡು ನನ್ನ ಬೆನ್ನಿಗೇ ಅಂಟ್ಕೊಂಡ್ ಬರ್ತಿದ್ಯಾ? ಕಳ್ಳ ನನ್ಮಗನೇ, ಹತ್ತೋ ಸೈಕಲ್ಲು!"