ಮದ್ದು ಹಾಕಿದ ಗೆರಟೆ

ಮಗಳಿಗೆ ಶೀತವೆಂದು ನೀಲಗಿರಿ ಸೊಪ್ಪು ಕುದಿಯಲು ಇಟ್ಟರೆ ಸಾಕು, ಇಂದಿಗೂ ನನಗೆ ಅಜ್ಜಿಮನೆಯಿದ್ದ ನಾವುಂದದ ಆ ಮಧ್ಯಾಹ್ನದ ಹೊಟ್ಟೆಕಿಚ್ಚು ಮರಳಿ ಬರುತ್ತದೆ.

ಆ ರಜೆಗೆ ಮುಂಬೈಯಿಂದ ದೊಡ್ಡಮ್ಮನ ಮಗಳು ಪ್ರತಿಮಾ ಬಂದಿದ್ದಳು. ಅಮ್ಮಮ್ಮನ ಮಗ್ಗುಲಲ್ಲಿ ಮಲಗುವ ನನ್ನ ಜಾಗ, ಮೀನಿನ ನಡುತುಂಡು, ಎಲ್ಲವೂ ಅವಳ ಪಾಲಾಗಿತ್ತು.

ಅಂಗಳದ ಹುಲ್ಲು ಕೆತ್ತಿ ಕೆತ್ತಿ ಸೋತಿದ್ದ ಅಮ್ಮಮ್ಮ ಒಂದು ದಿನ ನೀಲಗಿರಿ ಎಲೆಯನ್ನು ಜಜ್ಜಿ, ನೀರು ಕಪ್ಪಾಗುವವರೆಗೆ ಕುದಿಸಿ ಆರಿಸಿದರು. ಎರಡು ತೆಂಗಿನ ಗೆರಟೆಗಳಲ್ಲಿ ಮರಳು ತುಂಬಿ ಹೆಸರುಕಾಳು ಬಿತ್ತಿ ನಮಗೊಂದೊಂದು ಕೊಟ್ಟರು; ಪ್ರತಿಮಾಳದ್ದಕ್ಕೆ ಬರೀ ಬಾವಿನೀರು ಹಾಕಿದರು.

"ನಿಂದಕ್ಕೆ ಮದ್ದ್ ಹಾಕ್ತೆ," ಎಂದು ಆ ಕಪ್ಪು ಕಷಾಯವನ್ನು ನನ್ನ ಗೆರಟೆಗೆ ಎರೆದರು. ಮದ್ದು ಕುಡಿದದ್ದು ಗಟ್ಟಿಯಾಗಿ ಬೆಳೆಯುತ್ತದೆಂದು ನಂಬಿದ್ದ ನಾನು ಅವಳತ್ತ ನೋಡಿ ನಕ್ಕೆ.

ವಾರ ತುಂಬುವುದರೊಳಗೆ ಅವಳ ಗೆರಟೆ ಹಸಿರಾಯಿತು. ನನ್ನದರಲ್ಲಿ ಘಾಟು ವಾಸನೆಯ ಒದ್ದೆ ಮರಳು ಮಾತ್ರ. ಆ ಮಧ್ಯಾಹ್ನ ಅಮ್ಮಮ್ಮ ಅದನ್ನು ಬೆರಳಿನಿಂದ ಕೆದಕಿ ನೋಡಿದರು. ಅವರ ಮುಖ ಅರಳಿತು.

"ಒಂದೂ ಹುಟ್ಟಲಿಲ್ಲೆ, ಕಾಣ್."

ನನಗೆ ಅಳು ಬಂತು.

"ಎಂತಕ್ಕೆ ಮರ್ಕುದ್, ಹೆಣೆ? ಹುಟ್ಟುಕಾಗ, ಸಾಯ್ಲಿ ಅಂದೇ ಹಾಕಿದ್ ಮದ್ದ್ ಅದ್. ಇನ್ನ್ ಅಂಗಳಕ್ಕೂ ಹಾಕುವ, ಹುಲ್ಲ್ ಮತ್ತೆ ಬತ್ತಿಲ್ಲೆ."

ಪ್ರತಿಮಾ ಜಗಲಿಯಲ್ಲಿ ಕೂತು ತನ್ನ ಎಳೆ ಸಸಿಗಳನ್ನು ಅಂಗೈಯಿಂದ ಸವರುತ್ತಿದ್ದಳು. ನಾನು ಮೂಗೊರೆಸಿಕೊಂಡು ಅಮ್ಮಮ್ಮನ ಸೆರಗು ಜಗ್ಗಿದೆ.

"ಹಂಗಾರೆ ಅವ್ಳದ್ದಕ್ಕೂ ಚೂರ್ ಮದ್ದ್ ಹಾಕ್, ಅಮ್ಮಮ್ಮ."