ಕತ್ತರಿಸಿದ ಬಿರುಗೂದಲು

ಡೆಲ್ಮಾರ್ ಜಿಗ್ ಎಂಬ ಭಾರದ ಗಾಳದ ಬಿರುಗೂದಲನ್ನು ಬುಡಕ್ಕೇ ಕತ್ತರಿಸಿಬಿಟ್ಟಾಗ ಗೆಳೆಯ ರಾಯ್ಸ್‌ಗೆ ನಗು ಬಂತು. ಕೊಕ್ಕೆಗೆ ಕಳೆ ಸಿಕ್ಕದಂತೆ ಕಾಯುವುದೇ ಆ ಕೂದಲು. ಅಲಬಾಮಾದ ಈ ಸರೋವರದಲ್ಲಿ, ಚಾಪೆ ಹಾಸಿದಂತೆ ಕಳೆ ಬೆಳೆದ ಈ ಮೂಲೆಯಲ್ಲಿ, ಅದಿಲ್ಲದೆ ಬಾಸ್ ಮೀನಿಗೆ ಗಾಳ ಹಾಕುವವರು ಯಾರಿದ್ದಾರೆ?

"ಏನ್ ಮಾರಾಯ, ಮೀನು ಹಿಡಿಯಕ್ಕೆ ಬಂದ್ಯೋ, ಕಳೆ ಕೀಳಕ್ಕೆ ಬಂದ್ಯೋ?" ಮಗ ಸತ್ತಮೇಲೆ ಡೆಲ್ಮಾರ್ ಮನೆ ಬಿಟ್ಟು ಹೊರಟದ್ದು ಇವತ್ತೇ. ನಗಿಸಿದರೆ ಸ್ವಲ್ಪ ಹಗುರಾದಾನು ಎಂದು ರಾಯ್ಸ್ ಎಣಿಸಿದ್ದ.

ಡೆಲ್ಮಾರ್ ನಗಲಿಲ್ಲ. ಗಾಳ ಎಸೆದ, ತಳ ಮುಟ್ಟಿಸಿ ಎಳೆದ. ಒಂದು ಹೊರೆ ಕಳೆ ಬಂತು. ಅದನ್ನು ಬಿಸಾಡದೆ ತೊಡೆಯ ಮೇಲಿಟ್ಟುಕೊಂಡು, ತಲೆಯಲ್ಲಿ ಹೇನು ನೋಡುವವರಂತೆ ಎಳೆ ಎಳೆಯಾಗಿ ಬಿಡಿಸಿ ನೋಡಿದ. ಮತ್ತೆ ಎಸೆದ.

"ಹುಡುಗನ ದೋಣಿ ಸಿಕ್ಕಿದ್ದು ಸೇತುವೆ ಹತ್ರ, ನಿಜ," ಎಂದ. "ಪೊಲೀಸ್ನೋರು ಅಲ್ಲೇ ಮುಳುಗಿ ಹುಡುಕಿ, ಹೆಣ ಇನ್ನು ಸಿಗಲ್ಲ ಅಂತ ಹೊರಟೋದ್ರು. ಆದ್ರೆ ನಮ್ ವೇಡ್ ದಿನಾ ಗಾಳ ಹಾಕ್ತಿದ್ದಿದ್ದು ಇಲ್ಲಿ ಕಣೋ. ಅವನ ಟೋಪಿನಾದ್ರೂ ಸಿಗ್ಲಿ. ಅವರಮ್ಮ ಹೂಳಕ್ಕೆ ಏನಾದ್ರೂ ತಗೊಂಡ್ ಬಾ ಅಂತಾಳೆ."

ರಾಯ್ಸ್ ತನ್ನ ಗಾಳವನ್ನು ನೀರಿನಿಂದ ಮೇಲೆತ್ತಿದ. ಕೈ ಚಾಚಿ ಕತ್ತರಿ ಕೇಳಿದ.