ಮಸಾಲೆ ಡಬ್ಬಿಯ ಗುಳಿಗೆಗಳು

ಕುಬಸದ ಸರ್ ಬಾಯಲ್ಲಿ ‘ನನಗೆ ಗೊತ್ತಿಲ್ಲ’ ಎಂಬ ಮಾತು ಇರಲಿಲ್ಲ.

ಹುಬ್ಬಳ್ಳಿಯ ಆ ಕಾಲೊನಿಗೆ ಈ ರಿಟೈರ್ಡ್ ಹೆಡ್‌ಮಾಸ್ತರರೇ ಡಾಕ್ಟರು... ವೈದ್ಯಕೀಯ ಓದಿದ್ದು ವಾಟ್ಸಾಪಿನಲ್ಲಿ.

ಅವರ ಬಳಿ ಒಂದು ಸ್ಟೀಲಿನ ಮಸಾಲೆ ಡಬ್ಬಿ. ಯಾರ ಮನೆಯಲ್ಲಿ ಗುಳಿಗೆ ಉಳಿದರೂ ಅದಕ್ಕೆ ಬಂದು ಬೀಳುತ್ತಿತ್ತು. ಸರ್ ಕವರ್ ಹರಿದು ಬಿಸಾಡಿ, ಸಾಸಿವೆ ಜೀರಿಗೆ ಹಾಕುವ ಬಟ್ಟಲುಗಳಲ್ಲಿ ವಿಂಗಡಿಸಿ ಇಡುತ್ತಿದ್ದರು... ಜ್ವರಕ್ಕೆ ಬಿಳಿ, ನೆಗಡಿಗೆ ಹಳದಿ, ಮೈಕೈ ನೋವಿಗೆ ಗುಲಾಬಿ.

ಹೆಸರು ಯಾಕೆ, ಬಣ್ಣ ಸಾಕಲ್ಲ... ಇದು ಅವರ ವಿಜ್ಞಾನ.

ಓದಿದವರೇ ಬಂದು ಕೈಯೊಡ್ಡುತ್ತಿದ್ದರು. ಪುಕ್ಕಟೆ ಸಿಕ್ಕರೆ ಏನನ್ನಾದರೂ ಕಣ್ಣಿಗೊತ್ತಿಕೊಂಡು ನುಂಗುವ ಜನ.

ಒಮ್ಮೆ ಹೆಂಡತಿ ನೀಲವ್ವನಿಗೆ ಜ್ವರ ಬಂತು. ಜೊತೆಗೆ ನೆಗಡಿ, ಮೈಕೈ ನೋವು. ಸರ್‌ಗೆ ಹುರುಪೇ ಬಂತೆನ್ನಬೇಕು... ಮೂರೂ ಬಟ್ಟಲಿಗೆ ಕೆಲಸ ಸಿಕ್ಕಿತ್ತು.

ಊಟ ಸೇರದ ಹೊಟ್ಟೆಗೆ ಹೊತ್ತುಹೊತ್ತಿಗೆ ಮೂರು ಬಣ್ಣ. ಜ್ವರ ಇಳಿಯದಿದ್ದರೆ ಎರಡೆರಡು. ವಾಂತಿಯಾದಾಗ, ಪಿತ್ತ ಹೊರಗೆ ಬಿತ್ತು, ಒಳ್ಳೆಯದೇ ಆಯಿತು ಎಂದರು.

“ಒಮ್ಮೆ ದವಾಖಾನಿಗೆ ಹೋಗಿ ಬರೋಣೇನ್ರೀ?” ಆಕೆ ಮೆಲ್ಲಗೆ ಕೇಳಿದಳು.

“ಮನ್ಯಾಗ ನಾ ಇರೋವಾಗ ಆ ಕಳ್ಳರ ಕಡೆ ಯಾಕ ಹೋಗ್ತಿ?”

ಆಕೆ ಹೋಗಲಿಲ್ಲ. ಕಣ್ಣು ಹಳದಿಯಾಗಿ, ಮಾತು ತೊದಲತೊಡಗಿದ ಮೇಲೆ ದವಾಖಾನೆಗೆ ಹೊತ್ತುಕೊಂಡು ಹೋದರು.

ಯಾವ ಗುಳಿಗೆ ಕೊಟ್ಟಿರಿ ಎಂದು ಡಾಕ್ಟರ್ ಕೇಳಿದರು. ಸರ್ ಬಣ್ಣ ಹೇಳಿದರು. ಡಾಕ್ಟರ್ ಡಬ್ಬಿ ತರಿಸಿ, ಗುಳಿಗೆಗಳ ಮೇಲಿನ ಅಚ್ಚು ನೋಡಿದರು.

“ಮೂರರಾಗೂ ಇರೋದು ಒಂದ ಔಷಧ ರೀ ಸರ್... ಪ್ಯಾರಸಿಟಮಾಲ್. ಅಳತಿ ಒಳಗ ಇದ್ರ ಔಷಧ. ನೀವು ಮೂರು ಬಣ್ಣದಾಗ ಅದನ್ನ ಕೊಟ್ಕೋತ ಹೋಗೀರಿ. ಲಿವರ್ ಉಳದಿಲ್ಲ.”

ನೀಲವ್ವ ಕಣ್ಣು ತೆರೆದು ಗಂಡನ ಕೈ ಹಿಡಿದಳು.

“ನೀವು ಹೇಳಿದಂಗ ನುಂಗೇನಲ್ರೀ... ಯಾಕ ಆರಾಮ ಆಗವಲ್ದು?”

ಊರಿಗೆಲ್ಲ ಉತ್ತರ ಕೊಟ್ಟ ಮನುಷ್ಯ ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕಿದ.

ನೀಲವ್ವನನ್ನು ಮಣ್ಣು ಮಾಡಿ ಬಂದ ಸಂಜೆಯೇ ಪಕ್ಕದ ಮನೆಯವರು ಬಂದರು. ನಾಲ್ಕು ಸಮಾಧಾನದ ಮಾತು ಹೇಳಿ, ಅತ್ತು ಅತ್ತು ತಲೆ ಸಿಡಿಯುತ್ತಿದೆ, ಡಬ್ಬಿಯಲ್ಲಿ ಏನಾದರೂ ಇದೆಯೇ ಎಂದರು... ನಾಚಿಕೆಯೂ ಆಗಲಿಲ್ಲ.

“ನನಗ ಗೊತ್ತಿಲ್ಲ” ಎಂದರು ಕುಬಸದ ಸರ್.

ಬದುಕಿನಲ್ಲಿ ಮೊದಲ ಸಲ.

ಗೊತ್ತಿಲ್ಲ ಎನ್ನಲು ನಾಚುವವನ ಕೈಯಲ್ಲಿ ಔಷಧವೂ ವಿಷ.

ನಿಮ್ಮ ಮನೆಯ ಡಬ್ಬಿಯಲ್ಲಿರುವ ಗುಳಿಗೆಗಳ ಹೆಸರಾದರೂ ನಿಮಗೆ ಗೊತ್ತೇ?

ಕುಬಸದರ ಮನೆಯಲ್ಲಿ ಇದ್ದವರು ಇಬ್ಬರು. ಈಗ ಒಬ್ಬರು.